ಕಾಂಗ್ ವಾಕಿಜಾನನ ಇಂಪೋರ್ ಬಿಸ್ಕತ್ತು

ನಮ್ಮೂರು ಸುಂಬೆರ್ವಾರುವಿನಲ್ಲಿ ಕಸವನ್ನು ಕಸ ಅನ್ನುವವರು ಯಾರೂ ಇಲ್ಲ. ಇಂಪೋರ್ ಅನ್ನುತ್ತೇವೆ. ಹೊರದೇಶದ ಮಾಲಿಗೆ ಇಡೀ ಜಾವಾ ದ್ವೀಪವೇ ಗೌರವದಿಂದ ಹೇಳುವ ಮಾತು ಅದು. ಸುರಬಾಯಾ ಪೇಟೆಯಲ್ಲಿ ಇಂಪೋರ್ ಅಂದರೆ ಗಾಜಿನ ಕಪಾಟಿನೊಳಗಿನ ಕೈಗಡಿಯಾರ. ನಮ್ಮಲ್ಲಿ ಇಂಪೋರ್ ಅಂದರೆ ಯಾವುದೋ ದೇಶದ ಯಾವುದೋ ಕೂಸು ಹೇತು ಬಿಸಾಡಿದ ಡಯಪರ್.

ಹಳೇ ಕಾಗದ ಅಂತ ಹೇಳಿಕೊಂಡು ಹಡಗಿನಲ್ಲಿ ಬರುವ ಮೂಟೆಗಳನ್ನು ಹತ್ತಿರದ ಕಾಗದದ ಕಾರ್ಖಾನೆಯವರು ಬಿಚ್ಚುತ್ತಾರೆ. ಕಾಗದ ಅವರಿಗೆ. ಅದರ ಹೊಟ್ಟೆಯಲ್ಲಿ ಅಡಗಿ ಬಂದ ಪ್ಲಾಸ್ಟಿಕ್ಕೆಲ್ಲ ಲಾರಿ ಹತ್ತಿ ನಮ್ಮ ಅಂಗಳಗಳಿಗೆ. ನಾವು ಅದನ್ನು ಹರವಿ, ಒಣಗಿಸಿ, ಆರಿಸಿ, ಗಟ್ಟಿಯದನ್ನು ಗುಜರಿಗೆ, ತೆಳ್ಳಗಿನದನ್ನು ಸೋಯಾ ಕಾಳಿನ ತೋಫು ಬೇಯಿಸುವವರ ಒಲೆಗೆ ಉರುವಲಾಗಿ ಮಾರುತ್ತೇವೆ. ಯಾರಿಗೂ ಬೇಡವಾದದ್ದನ್ನು ಅಂಗಳದ ಮೂಲೆಯಲ್ಲೇ ಸುಡುತ್ತೇವೆ. ಮೊದಲು ಇದೇ ಅಂಗಳದಲ್ಲಿ ಭತ್ತ ಒಣಗುತ್ತಿತ್ತು. ಆಗ ಮನೆಯೊಳಗೆ ಮಣ್ಣಿನ ನೆಲ. ಈಗ ಬಿಳಿ ಟೈಲ್ಸ್. ಟೈಲ್ಸ್ ಮೇಲೆ ನೊಣಗಳು ಬಹಳ ಸ್ಪಷ್ಟವಾಗಿ ಕಾಣುತ್ತವೆ.

ಈ ವಿದ್ಯೆಯಲ್ಲಿ ನಮ್ಮ ಕೇರಿಗೆ ಹಿರಿಯ, ನನ್ನ ಪಕ್ಕದ ಮನೆಯ ವಾಕಿಜಾನ್. ವಯಸ್ಸಿನಲ್ಲಿ ನನಗಿಂತ ದೊಡ್ಡವನಾದ್ದರಿಂದ ಕಾಂಗ್, ಅಂದರೆ ಅಣ್ಣ. ತನ್ನನ್ನು ಆಮದು ವ್ಯಾಪಾರಿ ಅಂತಲೇ ಪರಿಚಯಿಸಿಕೊಳ್ಳುತ್ತಾನೆ. ಕಸದ ರಾಶಿಯ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಲವಂಗದ ಸಿಗರೇಟು ಹಚ್ಚಿ, ಜಗತ್ತಿನ ಸಮಾಚಾರ ಹೇಳುತ್ತಾನೆ.

"ಹೊರದೇಶದ ಜನ ಎಷ್ಟು ಶುಚಿ ಗೊತ್ತೇನೋ? ಮನೇಲಿ ಒಂದು ಚೂರು ಕಸ ಇಟ್ಕೊಳಲ್ಲ."

"ಹೌದು ಕಾಂಗ್, ಎಲ್ಲಾ ನಿನ್ನ ಅಂಗಳಕ್ಕೇ ಕಳಿಸಿದ್ದಾರೆ."

"ಅದೇ ಮತ್ತೆ! ನಂಬಿಕೆ ಇಲ್ದೇ ಕಳಿಸ್ತಾರಾ?"

ಈ ನಂಬಿಕೆಯಿಂದಲೇ ಅವನ ಮನೆಗೆ ಟೈಲ್ಸ್ ಬಂತು, ಮೋಟಾರ್ ಸೈಕಲ್ ಬಂತು, ಮಗಳು ನಾರ್ಸಿ ನರ್ಸ್ ಓದು ಮುಗಿಸಿ ಊರ ದವಾಖಾನೆಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿ ಅವಳಿಗೆ ಪುರುಸೊತ್ತೇ ಇಲ್ಲ. ಅದೇ ನಂಬಿಕೆಯಿಂದ ಕೆಮ್ಮು ಹತ್ತಿಸಿಕೊಂಡ ನಾವೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತೇವೆ.

ಕಾಂಗ್‌ಗೆ ಇದ್ದ ಆಸೆ ಒಂದೇ. ಮಗಳು ಈ ಹೊಗೆ ಬಿಟ್ಟು ಹೋಗಬೇಕು. "ಒಣಹಾಕಿದ ಬಟ್ಟೆ ಬೆಳ್ಳಗೇ ಒಳಗೆ ಬರೋ ಮನೆಗೆ ಅವಳನ್ನ ಕೊಡ್ತೀನಿ" ಅನ್ನುತ್ತಿದ್ದ. ಅದಕ್ಕೇ ಪಕ್ಕದೂರಿನ ಮಸ್ತೂರರ ಕಡೆಯಿಂದ ಸಂಬಂಧ ಬಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಸ್ತೂರರು ದೊಡ್ಡ ತೋಫು ಕಾರ್ಖಾನೆಯ ಧಣಿ. ಎಲ್ಲರೂ ಜುರಾಗನ್ ಎಂದೇ ಕರೆಯಬೇಕು. ಕರೆಯದಿದ್ದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

ಹೆಣ್ಣು ಕೇಳಲು ಬರುವ ದಿನ ಬಂತು. ಕಸದ ರಾಶಿಯ ಮೇಲೆ ನೀಲಿ ಟಾರ್ಪಾಲು ಹೊದಿಸಿ, ಅದರ ಮುಂದೆ ಹೂಕುಂಡ ಇಟ್ಟರು. ಹೆಣ್ಣಿನ ಕಡೆಯ ಸ್ವಾಗತದ ಮಾತಿಗೆ ನಾಲಿಗೆ ಉದ್ದದವನು ಅಂತ ನನ್ನನ್ನು ಕೂರಿಸಿದ್ದರು. ಚಾಪೆಯ ನಡುವೆ ಒಂದು ತಗಡಿನ ಡಬ್ಬಿ ಥಳಥಳ ಹೊಳೆಯುತ್ತಿತ್ತು. ಮುಚ್ಚಳದ ಮೇಲೆ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದ ನಾಯಿಯ ಚಿತ್ರ.

ನಮ್ಮ ಕಡೆ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತು ಇದ್ದದ್ದನ್ನು ಕಂಡವರಿಲ್ಲ. ಯಾರ ಮನೆಗೆ ಹೋಗಿ, ಎಂಥ ಚಂದದ ಡಬ್ಬಿಯನ್ನೇ ತೆರೆಯಿರಿ, ಒಳಗಿರುವುದು ರೆಂಗಿನಾಂಗ್, ಅದೇ ಅಂಟಕ್ಕಿಯ ಸಂಡಿಗೆ. ಡಬ್ಬಿಯ ಚಿತ್ರಕ್ಕೂ ಒಳಗಿನ ಮಾಲಿಗೂ ಸಂಬಂಧವಿಲ್ಲ ಎಂಬುದು ನಮ್ಮ ಮಕ್ಕಳಿಗೆ ಹಾಲು ಬಿಡುವ ಮೊದಲೇ ತಿಳಿದಿರುತ್ತದೆ. ಆದರೂ ನಾನು ಕೇಳಿದೆ:

"ಕಾಂಗ್, ಮೇಲೆ ನಾಯಿ ಇದೆಯಲ್ಲ?"

"ಇದ್ರೆ ಏನು? ಹಾಲಿನ ಡಬ್ಬಿ ಮೇಲೆ ಕರಡಿ ಚಿತ್ರ ಇದ್ರೆ ನೀನು ಕರಡಿ ಹಾಲು ಕುಡೀತೀಯೇನೋ ಪೆದ್ದ?" ಅಂದ. ಆಮೇಲೆ ದನಿ ತಗ್ಗಿಸಿ, "ಸಂಡಿಗೆ ಅಲ್ಲ ಕಣೋ. ಇಂಪೋರ್ ಬಿಸ್ಕತ್ತೇ ಇದೆ. ಮೂಟೇಲಿ ಸಿಕ್ತು, ಸೀಲೇ ಒಡೆದಿರ್ಲಿಲ್ಲ!"

ಜುರಾಗನ್ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಅಂಗಳ ದಾಟಿ, ಒಳಗೆ ಬಂದು ತೆಗೆದರು. ಹಿಂದೆ ಮಗ ಫಹ್ರುಲ್, ತಲೆ ತಗ್ಗಿಸಿಕೊಂಡು. ನಾನು ಸ್ವಾಗತ ಕೋರಿದೆ. ಮುಗಿಯುವಷ್ಟರಲ್ಲಿ ಜುರಾಗನ್ ಮೂರು ಬಿಸ್ಕತ್ತು ಮುಗಿಸಿದ್ದರು.

"ಇಂಪೋರ್ ಅಂದ್ರೆ ಇಂಪೋರೇ ಬಿಡಿ," ಅಂದರು. "ಸಿಹಿ ಇಲ್ಲ ನೋಡಿ. ನಮ್ಮೋರ ಥರ ಸಕ್ಕರೆ ಸುರಿದಿಲ್ಲ. ಮಾಂಸದ ಸಾರಿನ ಒಂದು ಹದ ಇದೆ."

"ಜುರಾಗನ್‌ಗೆ ರುಚಿ ಗೊತ್ತು," ಅಂದ ಕಾಂಗ್, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ನಾರ್ಸಿ ಚಹಾ ತಂದಳು. ತಟ್ಟೆ ಇಟ್ಟವಳ ಕಣ್ಣು ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರಕ್ಕೆ ಬಿತ್ತು. ತುಟಿ ಅಲುಗಿತು. ಓದಿ ಮುಗಿಸಿ, ಅಮ್ಮ ಸುಮಿಯಾತುನ್‌ಳ ಪಕ್ಕ ಕೂತಳು.

ಜುರಾಗನ್ ಗಂಟಲು ಸರಿಮಾಡಿಕೊಂಡರು. "ನಮ್ಮಲ್ಲಿ ಎಲ್ಲಾ ಶುದ್ಧ. ಸೋಯಾ ಕಾಳು ಕೂಡ ಅಮೆರಿಕದಿಂದ ಬರುತ್ತೆ. ಒಂದೇ ಮಾತು, ಬೇಜಾರು ಮಾಡ್ಕೋಬೇಡಿ. ಮದುವೆ ಆದ್ಮೇಲೆ ಹುಡುಗಿ ಪದೇ ಪದೇ ಇಲ್ಲಿಗೆ ಬರೋದು ಬೇಡ. ಈ ಕೊಳಕು, ಈ ನಾತ... ನಮ್ಮ ಜನಕ್ಕೆ ಅಸಹ್ಯ ಆಗುತ್ತೆ."

"ಆಗ್ಲಿ ಜುರಾಗನ್, ಆಗ್ಲಿ," ಅಂದ ಕಾಂಗ್. ಸುಮಿಯಾತುನ್ ಸೆರಗಿನ ತುದಿ ತಿರುಚತೊಡಗಿದಳು.

ನಾರ್ಸಿ ತಲೆ ಎತ್ತಿದಳು. "ಒಂದು ಕೇಳ್ಲಾ ಜುರಾಗನ್? ನಿಮ್ಮ ತೋಫು ಒಲೆಗೆ ಏನು ಹಾಕ್ತೀರಿ?"

"ಏನು ಹಾಕ್ತಾರಮ್ಮ... ಉರಿಯೋದು."

"ನಮ್ಮ ಅಂಗಳದಿಂದಲೇ ಅಲ್ವಾ ನಿಮ್ಮ ಲಾರಿ ತುಂಬಿಸ್ಕೊಂಡು ಹೋಗೋದು?"

"ಅದು ಸುಟ್ಟು ಹೋಗುತ್ತಲ್ಲ ತಾಯಿ! ಸುಟ್ಟ ಮೇಲೆ ಕೊಳಕೆಲ್ಲಿರುತ್ತೆ?"

ಚಿಮಣಿಯಿಂದ ಏಳುವ ಆ ಕಪ್ಪು ಹೊಗೆ ಆಕಾಶಕ್ಕೆ ಹೋಗಿ ಸ್ನಾನ ಮಾಡಿಕೊಂಡು ಬರುತ್ತದೆ ಎಂದು ಜುರಾಗನ್ ನಿಜವಾಗಿಯೂ ನಂಬಿದ್ದರು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಪ್ಲಾಸ್ಟಿಕ್ ಬಿಟ್ಟು ಭತ್ತದ ಹೊಟ್ಟು ಉರಿಸಿ. ನಾನು ಸಂತೋಷವಾಗಿ ಬರ್ತೀನಿ."

"ನಾರ್ಸಿ!" ಅಂದ ಕಾಂಗ್.

ಫಹ್ರುಲ್ ಮೊದಲ ಸಲ ತಲೆ ಎತ್ತಿ ಅಪ್ಪನ ಮುಖ ನೋಡಿದ. ಜುರಾಗನ್ ನಕ್ಕರು. "ಹೊಟ್ಟು ಉರಿಸಿದ್ರೆ ತೋಫು ತುಟ್ಟಿಯಾಗುತ್ತೆ ಮಗು, ಯಾರು ಕೊಳ್ತಾರೆ? ನರ್ಸ್ ಓದಿದ್ದೀಯ, ವ್ಯಾಪಾರ ಓದಿಲ್ಲ." ಮಗ ಮತ್ತೆ ತಲೆ ತಗ್ಗಿಸಿದ. ಜುರಾಗನ್ ಕೈ ಡಬ್ಬಿಗೆ ಹೋಯಿತು.

ನಾರ್ಸಿ ಮುಚ್ಚಳ ಮುಚ್ಚಿದಳು. "ಸಾಕು ಜುರಾಗನ್. ಇದು ನಾಯಿ ತಿನ್ನೋ ಬಿಸ್ಕತ್ತು. ಇಲ್ಲೇ ಬರೆದಿದೆ."

ಜುರಾಗನ್ ಬಾಯಿಗೆ ಅದೇ ಕರವಸ್ತ್ರ ಒತ್ತಿಕೊಂಡು ಹಿತ್ತಿಲಿಗೆ ಓಡಿದರು. ನಮ್ಮ ಬಾವಿಯ ನೀರಿನಿಂದ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿದರು. ಆ ನೀರಿಗೆ ಹೋಲಿಸಿದರೆ ಬಿಸ್ಕತ್ತು ಎಷ್ಟೋ ಮೇಲು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಕಾಂಗ್ ಮಾತ್ರ ಕೂತಲ್ಲೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದ.

"ಮೇಲೆ ಬರೆದಿದ್ದನ್ನೇ ಒಳಗೂ ಇಟ್ಟಿದ್ದಾರಲ್ಲೋ," ಅಂದ. "ಎಂಥಾ ಜನ!"

ಸಂಬಂಧ ಮುರಿಯಿತು. ಬಿಸ್ಕತ್ತಿನ ಸುದ್ದಿ ಹೊರಗೆ ಹೋಗುವಂತಿರಲಿಲ್ಲವಾದ್ದರಿಂದ ಹುಡುಗಿಗೆ ಮಾತು ಜಾಸ್ತಿ ಅಂತ ಅವರು ಹೇಳಿಕೊಂಡು ತಿರುಗಿದರು. ಸೋಮವಾರ ಅವರ ಲಾರಿ ಎಂದಿನಂತೆ ಬಂತು. ಟಾರ್ಪಾಲು ಸರಿಸಿ ಕಾಂಗ್ ತಾನೇ ನಿಂತು ತುಂಬಿಸಿದ.

"ನಾಚಿಕೆ ಆಗಲ್ವಾ ಕಾಂಗ್?"

"ಸಂಬಂಧ ಬೇರೆ, ವ್ಯಾಪಾರ ಬೇರೆ," ಅಂದ. ಮತ್ತೆ ಪಕ್ಕದೂರಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. "ಅಲ್ಲೂ ಬಟ್ಟೆ ಕಪ್ಪಾಗುತ್ತೆ ಅಲ್ವೇನೋ? ನಮ್ಮದಕ್ಕಿಂತ ದಟ್ಟ ಇದೆ ಹೊಗೆ. ಮಗಳನ್ನ ಅಲ್ಲಿಗೆ ಕಳಿಸೋಕೆ ಹೊರಟಿದ್ದೆನಲ್ಲ." ನಾರ್ಸಿ ತನ್ನ ಬಿಳಿ ಸಮವಸ್ತ್ರವನ್ನು ಹಗ್ಗದಿಂದ ತೆಗೆದು, ಮಸಿ ಕೊಡವಿ, ತೊಟ್ಟು ಕೆಲಸಕ್ಕೆ ಹೋದಳು.

ಸುಮಿಯಾತುನ್ ಆ ಡಬ್ಬಿಯನ್ನು ತಿಕ್ಕಿ ತೊಳೆದು ಸಂಡಿಗೆ ತುಂಬಿಟ್ಟಿದ್ದಳು. ಕಾಂಗ್ ಒಂದನ್ನು ನನ್ನ ಕೈಗಿಟ್ಟು, ತಾನೊಂದು ಕಡಿದು, ಮುಖ ಕಿವಿಚಿದ.

"ನಾಯಿ ವಾಸನೆ ಇನ್ನೂ ಹೋಗಿಲ್ಲ ಕಣೋ," ಅಂದ. ಅಂದು, ಇನ್ನೊಂದು ತಗೊಂಡ.