ಗರಂ ಪ್ಲಗ್ಗು, ಠಂಡಾ ಪ್ಲಗ್ಗು

ಮಹಾರಾಜರ ಕಾಲದ ಆ ದಿನಗಳಲ್ಲಿ ನಮ್ಮ ಮಧುಗಿರಿ ಸೀಮೆಯವರಿಗೆ ಎಲ್ಲವೂ ಒಂದೋ ಉಷ್ಣ, ಇಲ್ಲವೇ ತಂಪು. ಹುರುಳಿ ಉಷ್ಣ, ಮಜ್ಜಿಗೆ ತಂಪು. ಕಣ್ಣು ಕೆಂಪಾದರೆ ನೆತ್ತಿಗೆ ಹರಳೆಣ್ಣೆ. ಇದೇ ಲೆಕ್ಕವನ್ನು ನಮ್ಮ ಮನೆಯವರು ಒಮ್ಮೆ ದೋಣಿಯ ಮೋಟಾರಿಗೂ ಹಾಕಿದರು.

ದೋಣಿ ನಮ್ಮದಲ್ಲ. ಬಾತುಕೋಳಿ ಬೇಟೆಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ದೊರೆ ಅದನ್ನು ಹಿಂಬದಿಗೆ ಸಿಕ್ಕಿಸುವ ಹಳೆಯ ಮೋಟಾರಿನ ಸಮೇತ ಕೆರೆ ಪಕ್ಕದ ಬಂಗಲೆಯಲ್ಲಿ ಬಿಟ್ಟುಹೋಗಿದ್ದ. ಬಂಗಲೆಯ ಕಾವಲಿಗಿದ್ದವನು ನನ್ನ ಸೋದರಮಾವ ಚಿಕ್ಕಣ್ಣ. ಮೋಟಾರಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿನ ಪಿಂಗಾಣಿ ಬಿರಿದಿದ್ದರಿಂದ ಮಾವ ಶಿರಾಕ್ಕೆ ಹೋಗಿ, ರಿಪೇರಿ ಸಾಬರಿಂದ ಎರಡು ಪ್ಲಗ್ಗು ತಂದಿದ್ದ. ಎರಡೂ ಅದೇ ತೂತಿಗೆ ಕೂರುತ್ತಿದ್ದವು. "ಯೇ ಗರಂ, ಯೇ ಠಂಡಾ. ನಿನ್ನ ಮೋಟಾರ್ ಯಾವ್ದು ಕೇಳ್ತದೆ ನೋಡಿ ಹಾಕು," ಎಂದಿದ್ದರಂತೆ ಸಾಬರು.

ಹಾಕಿ ನೋಡುವ ಮೊದಲೇ ಮೇಲಿನ ಕೆರೆ ಒಡೆಯಿತು. ಬೆಳಿಗ್ಗೆ ಕುರಿ ಹೊಡೆದುಕೊಂಡು ನಮ್ಮ ಕೆರೆಯಂಗಳಕ್ಕೆ ಇಳಿದಿದ್ದ ಅಪ್ಪ ನಡುವಿನ ದಿಬ್ಬದ ಮೇಲೆ ಸಿಕ್ಕಿಕೊಂಡ. ಅವನಿಗೆ ಈಜು ಬಾರದು. ನೀರು ದಿಬ್ಬವನ್ನು ಹತ್ತುತ್ತಿತ್ತು. ಹರಿಗೋಲು ಇಳಿಸಿದವರನ್ನು ಗಾಳಿ ಗಿರಗಿರನೆ ತಿರುಗಿಸಿ ದಡಕ್ಕೇ ತಂದು ಹಾಕಿತು.

ಏರಿಯ ಮೇಲೆ ಅವ್ವನ ಸೆರಗು ಹಿಡಿದು ನಿಂತಿದ್ದೆ. ನೆಂದ ಕಂಬಳಿಯ ವಾಸನೆ, ಅದರೊಳಗೆ ಪೆಟ್ರೋಲಿನ ವಾಸನೆ.

ಮಾವ ಎರಡು ಪ್ಲಗ್ಗನ್ನೂ ಅಂಗೈಯಲ್ಲಿ ಹಿಡಿದು ಕೇಳಿದ: "ಯಾವ್ದು ಹಾಕ್ಲಕ್ಕಾ?"

"ಮೋಟಾರು ಹೆಂಗೈತೆ?"

"ಓಡ್ಸುದ್ರೆ ಕೈ ಇಕ್ಕಂಗಿಲ್ಲ. ಸುಡ್ತದೆ."

"ಉಷ್ಣದ್ ಮೈ ಕಣ್ಲಾ. ತಂಪಿಂದು ಹಾಕು."

ಮಾವ ಅದನ್ನೇ ಹಾಕಿ, ದೋಣಿ ಹತ್ತಿ ಮೋಟಾರಿನ ಹಗ್ಗ ಎಳೆದ, ಮೋಟಾರು ಓಡತೊಡಗಿತು. ನೀರಿನಡಿ ಜಾಲಿ ಮರಗಳಿದ್ದವು, ಮೆಲ್ಲಗೆ ಹೋಗಬೇಕಿತ್ತು. ನಡುನೀರಿನಲ್ಲಿ ನೀಲಿ ಹೊಗೆ ದಟ್ಟವಾಯಿತು. ಸದ್ದು ಕುಂಟಿತು, ನಿಂತಿತು. ದೋಣಿ ಅಡ್ಡ ತಿರುಗಿ, ತುಂಬಿದ ನೀರು ಧುಮುಕುತ್ತಿದ್ದ ಕೋಡಿಯ ಕಡೆಗೆ ಸರಿಯತೊಡಗಿತು.

ಮಾವ ಹಗ್ಗ ಎಳೆದ, ಮತ್ತೆ ಎಳೆದ. ಪ್ಲಗ್ಗು ಬಿಚ್ಚಿ ಪಂಚೆಗೆ ಒರೆಸುವುದು ಕಂಡಿತು. ಅವ್ವ ಏರಿಯ ಅಂಚಿಗೆ ಓಡಿದಳು.

"ಲೇ ಚಿಕ್ಕಾ, ಅದ್ಕೆ ಮೂಗು ಕಟ್ಟೈತೆ ಕಣ್ಲಾ. ಗರಮ್ಮಿಂದು ಹಾಕು, ಗರಮ್ಮಿಂದು."

ಮಾವ ಸೊಂಟಕ್ಕೆ ಕೈ ಹಾಕಿ ಇನ್ನೊಂದನ್ನು ತೆಗೆದ. ಕೋಡಿಯ ಕಲ್ಲು ಹತ್ತಿರವಾಗಿತ್ತು. ಮೋಟಾರು ಕೆಮ್ಮಿತು, ಕೂಗಿತು, ದೋಣಿ ದಿಬ್ಬದ ಕಡೆ ತಿರುಗಿತು.

ಅಪ್ಪ ಒಂದು ಮರಿಯನ್ನು ಎದೆಗೊತ್ತಿಕೊಂಡು ದೋಣಿ ಹತ್ತಿದ. ಅದಕ್ಕಿಂತ ಹೆಚ್ಚು ಭಾರ ದೋಣಿ ತಡೆಯುತ್ತಿರಲಿಲ್ಲ. ದಡ ಮುಟ್ಟುವವರೆಗೂ ಅವನು ದಿಬ್ಬಕ್ಕೆ ಮುಖಮಾಡಿಯೇ ಕುಳಿತಿದ್ದ.

ಮನೆಯಲ್ಲಿ ಅವ್ವ ಮುದ್ದೆ, ಹುರುಳಿ ಸಾರು ಬಡಿಸಿದಳು. ಅಪ್ಪ ಮುಟ್ಟಲಿಲ್ಲ.

"ಕುರಿ ಎಲ್ಲಾ ಹೋದ್ವು ಕಣಮ್ಮಿ."

"ನೀನ್ ಬಂದ್ಯಲ್ಲ. ಉಣ್ಣು."

ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ಒಬ್ಬ ಮೆಕ್ಯಾನಿಕ್‌ನಿಂದ ತಿಳಿದುಕೊಂಡೆ. ಗರಂ ಎಂದರೆ ಮೋಟಾರಿಗೆ ಕಾವು ಕೊಡುವ ಪ್ಲಗ್ಗಲ್ಲ. ತನ್ನ ತುದಿಯ ಕಾವನ್ನು ಬಿಟ್ಟುಕೊಡದೆ, ಕಿಡಿ ಕೆಡಿಸುವ ಎಣ್ಣೆಮಸಿಯನ್ನು ಸುಟ್ಟುಹಾಕುವಂಥದ್ದು. ಎಣ್ಣೆ ಕಾರುವ, ನಿಧಾನಕ್ಕೆ ಓಡುವ ಹಳೆಯ ಮೋಟಾರಿಗೆ ಅದೇ ಸರಿ.

ಈಗ ಆ ಕೆರೆಗೆ ನೀರು ಬರುವುದೇ ಅಪರೂಪ. ಹೋದ ಸಲ ಹೋದಾಗ, ಮಗನನ್ನು ಏರಿಯ ಮೇಲೆ ನಿಲ್ಲಿಸಿ, ಅಂದು ದೋಣಿ ನಿಂತುಹೋದ ಜಾಗದಲ್ಲಿ ನಾನು ನಿಂತು, ಕೂಗಲು ಹೇಳಿದ್ದೆ. ಗಾಳಿಯಿರಲಿಲ್ಲ. ಆದರೂ ಒಂದು ಮಾತೂ ತಿಳಿಯಲಿಲ್ಲ.

ಮಾವ ಮಾತ್ರ ಬದುಕಿದ್ದಷ್ಟು ದಿನವೂ, "ಅಕ್ಕ ಕೂಗಿದ್ದು ಕೇಳುಸ್ತು ಕಣ್ಲಾ," ಎನ್ನುತ್ತಿದ್ದ. ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳೋಣವೆಂದರೆ ಈಗ ಮಾವ, ಅವ್ವ, ಅಪ್ಪ ಮೂವರೂ ಇಲ್ಲ.