ಎಂಬ್ರಾಯ್ಡರಿ ಯಂತ್ರದ ಅಡಿಯ ನೋಟ್ ಪುಸ್ತಕ

ಒಟ್ಟು ಖರ್ಚು ಇನ್ನೂರ ತೊಂಬತ್ತು ರೂಪಾಯಿ. ಪೆನ್ ಡ್ರೈವಿಗೆ ಇನ್ನೂರ ಎಪ್ಪತ್ತು, ನಲವತ್ತು ಪುಟದ ನೋಟ್ ಪುಸ್ತಕಕ್ಕೆ ಇಪ್ಪತ್ತು. ಪೆನ್ ಡ್ರೈವಿಗೆ ಅಂಗಡಿಯವನು ಹೇಳಿದ್ದು ಮುನ್ನೂರ ಐವತ್ತು. ನಾನು ಎರಡು ಸಲ ಮೆಟ್ಟಿಲು ಇಳಿದು ಎರಡು ಸಲ ಹತ್ತಿದ ಮೇಲೆ ಇನ್ನೂರ ಎಪ್ಪತ್ತಕ್ಕೆ ಬಂದ. ಹಣ ಕೊಟ್ಟದ್ದು ನಾನಲ್ಲ, ನನ್ನ ಹತ್ತಿರ ಸಹಾಯ ಕೇಳಿ ಬಂದ ಕಲ್ಲುಗುಂಡಿಯ ಹೆಂಗಸು. ನನ್ನ ಕೆಲಸಕ್ಕೆ ಕೂಲಿ ಇಲ್ಲ, ಆದರೆ ಪುಸ್ತಕ ಅವರೇ ತರಬೇಕು, ನಾನು ಮಾಡಿದ್ದನ್ನೆಲ್ಲ ಅವರ ಕೈಯಲ್ಲೇ ಅವರ ಭಾಷೆಯಲ್ಲೇ ಬರೆದುಕೊಳ್ಳಬೇಕು. ತುಳುವಾದರೂ ಸರಿ, ಬ್ಯಾರಿಯಾದರೂ ಸರಿ. ಪುಕ್ಕಟೆ ಸಿಕ್ಕಿದ್ದನ್ನು ಜನ ಮನೆಗೆ ಮುಟ್ಟುವ ಮೊದಲೇ ಮರೆಯುತ್ತಾರೆ. ಮರೆತವರು ಫೋನ್ ಮಾಡುತ್ತಾರೆ. ಆ ಫೋನ್ ತಪ್ಪಿಸಲಿಕ್ಕೆ ನಾನು ಮಾಡಿದ ಉಪಾಯ ಈ ಪುಸ್ತಕ.

ಪುತ್ತೂರಿನಲ್ಲಿ ನನ್ನದು ಹಳೆಯ ಕಂಪ್ಯೂಟರ್ ಕೊಂಡು, ರಿಪೇರಿ ಮಾಡಿ, ಮಾರುವ ಅಂಗಡಿ. ಹತ್ತನೆಯಲ್ಲಿ ಫೇಲಾಗಿ ಗುಜರಿ ಅಂಗಡಿಯಲ್ಲಿ ತಾಮ್ರ ಬೇರೆ ಹಿತ್ತಾಳೆ ಬೇರೆ ಮಾಡುತ್ತಾ ಶುರು ಮಾಡಿದೆ. ಆಮೇಲೆ ಗಲ್ಫಿನಲ್ಲಿ ಆರು ವರ್ಷ, ಕಂಪ್ಯೂಟರಿನ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ. ಅಲ್ಲಿ ರಿಪೇರಿಯವನೊಬ್ಬ ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚುವುದು ಜೋಡಿಸುವುದು ಕಲಿಸಿದ. ಒಂದು ದಿರ್ಹಂ ತೆಗೆದುಕೊಳ್ಳಲಿಲ್ಲ. ಅವನಿಗೆ ವಾಪಸು ಕೊಡುವ ದಾರಿ ಇಲ್ಲ, ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಹಾಗಾಗಿ ತಿಂಗಳ ಮೊದಲ ಭಾನುವಾರ ಸುಳ್ಯ, ಮೂರನೆಯ ಭಾನುವಾರ ಕಡಬ ಎಂದು ಊರವರ ಹಳೆ ಕಂಪ್ಯೂಟರುಗಳ ಪುಕ್ಕಟೆ ರಿಪೇರಿಗೆ ಇಟ್ಟುಕೊಂಡಿದ್ದೇನೆ. ಜೊತೆಗೆ ಸುಳ್ಯದ ಒಬ್ಬರು ನಿವೃತ್ತ ಗಣಿತದ ಮಾಸ್ಟ್ರು. ಅವರಿಗೆ ಪುಣ್ಯ, ನನಗೆ ಪುಣ್ಯದ ಜೊತೆಗೆ ನಾಲ್ಕು ಜನರ ಪರಿಚಯ. ಸುಳ್ಳು ಯಾಕೆ ಹೇಳಬೇಕು?

ಲಿನಕ್ಸ್ ಕಲಿತದ್ದೂ ವ್ಯಾಪಾರದಿಂದಲೇ. ಹಳೆ ಪೆಟ್ಟಿಗೆಗೆ ದುಡ್ಡು ಕೊಟ್ಟು ವಿಂಡೋಸ್ ಹಾಕಿದರೆ ನನಗೆ ಉಳಿಯುವುದೇನು? ಕದ್ದ ವಿಂಡೋಸ್ ಹಾಕಿ ಒಮ್ಮೆ ನಾಲ್ಕು ಯಂತ್ರ ವೈರಸ್ ಹಿಡಿದು ವಾಪಸು ಬಂದಿದ್ದವು, ಆ ಪಾಠ ಸಾಕು. ವಿಂಡೋಸಿನ ಬದಲು ಲಿನಕ್ಸ್ ಹಾಕಿದರೆ ಕೊಡಬೇಕಾದ ದುಡ್ಡು ಸೊನ್ನೆ, ಹಳೆಯ ಯಂತ್ರದಲ್ಲೂ ಓಡುತ್ತದೆ. ಒಂದೇ ತಕರಾರು, ವಿಂಡೋಸಿಗೆಂದು ಮಾಡಿದ ಪ್ರೋಗ್ರಾಮು ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೆ ನಡುವೆ ಒಬ್ಬ ದಲ್ಲಾಳಿ ಬೇಕು. ನಮ್ಮ ಸಂತೆಯಲ್ಲಿ ಅರೆಭಾಷೆಯವರು ಹೇಳಿದ್ದನ್ನು ಮಲಯಾಳದವನಿಗೆ ಅವನ ಭಾಷೆಯಲ್ಲಿ ದಾಟಿಸಿ ವ್ಯಾಪಾರ ಕುದುರಿಸುವವರು ಇರುತ್ತಾರಲ್ಲ, ಹಾಗೆ. ಲಿನಕ್ಸಿನಲ್ಲಿ ಆ ದಲ್ಲಾಳಿಯ ಹೆಸರು ವೈನ್. ಕಮಿಷನ್ ಕೇಳುವುದಿಲ್ಲ. ಐದು ಹೊತ್ತು ನಮಾಜು ಮಾಡುವವನು ಭಾನುವಾರ ಭಾನುವಾರ ವೈನ್ ಹಂಚುತ್ತಾನೆ ಎಂದು ಮಾಸ್ಟ್ರು ತಮಾಷೆ ಮಾಡದ ವಾರ ಇಲ್ಲ.

ಕಲ್ಲುಗುಂಡಿಯ ಆ ಹೆಂಗಸು ಮೊದಲ ಸಲ ಬಂದದ್ದು ಕಂಪ್ಯೂಟರಿನ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ. ಮಡಿಕೇರಿ ರಸ್ತೆಯ ಬದಿಗೇ ಅವರ ಮನೆ. ಮುಂದಿನ ಕೋಣೆಯಲ್ಲಿ ಒಂದು ಎಂಬ್ರಾಯ್ಡರಿ ಯಂತ್ರ, ಎರಡು ಬಳೆ ಮಾರಿ ತೆಗೆದದ್ದು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಚಿತ್ರವನ್ನು ಹೊಲಿಗೆಯಾಗಿ ಬದಲಿಸುವ ಪ್ರೋಗ್ರಾಮು ಇದ್ದ ಕಂಪ್ಯೂಟರು ಕೆಟ್ಟಿತ್ತು. ಪೇಟೆಯಲ್ಲಿ ಕೇಳಿದರೆ ಹೊಸ ಕಂಪ್ಯೂಟರ್ ತೆಗೆಯಿರಿ, ಹೊಸ ಪ್ರೋಗ್ರಾಮಿಗೆ ವರ್ಷ ವರ್ಷ ಕಟ್ಟಿ ಎಂದಿದ್ದರಂತೆ.

"ನಮ್ಮ ಅತ್ತೆ ಹೇಳುದು, ಆ ಕೋಣೆಯನ್ನು ಜ್ಯೂಸಿನವನಿಗೆ ಬಾಡಿಗೆಗೆ ಕೊಡುವ ಅಂತ," ಎಂದರು. "ಅವ ದಿನಾ ಬಂದು ಕೇಳ್ತಾನೆ. ಜೂನ್‌ವರೆಗೆ ನೋಡುವ ಅಂತ ಹೇಳಿದ್ದೇನೆ. ಆಮೇಲೆ ನಾನು ಎಂತ ಹೇಳುದು ಸಾಹೇಬ್ರೆ?"

"ಸಿ.ಡಿ. ಉಂಟಾ?" ಎಂದೆ.

ಇತ್ತು. ಸಿ.ಡಿ. ಮಾತ್ರವಲ್ಲ, ಅದರ ಲೈಸನ್ಸ್ ಸಂಖ್ಯೆ ಬರೆದ ಕಾಗದವನ್ನೂ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಜೋಪಾನ ಮಾಡಿದ್ದರು. ಆಗಲೇ ನನಗೆ ಇವರ ಮೇಲೆ ನಂಬಿಕೆ ಬಂತು.

ಕೆಟ್ಟದ್ದನ್ನು ಸರಿ ಮಾಡಿ, ಲಿನಕ್ಸ್ ಹಾಕಿ, ವೈನಿನ ಮೂಲಕ ಆ ಪ್ರೋಗ್ರಾಮು ಓಡಿಸಲು ಮೂರು ಭಾನುವಾರ ಹಿಡಿಯಿತು. ಸುಳ್ಯ, ಕಡಬ, ಮತ್ತೆ ಸುಳ್ಯ. ಪೆಟ್ಟಿಗೆ ಮಾಸ್ಟ್ರ ಕಾರಿನಲ್ಲಿ, ಆ ಹೆಂಗಸು ಬಸ್ಸು ಬದಲಿಸಿ ಬದಲಿಸಿ. ವೈನಿನಲ್ಲಿ ಹಳತು ಹೊಸತು ಎಂದು ಬೇಕಾದಷ್ಟು ಆವೃತ್ತಿಗಳಿವೆ. ಒಂದರಲ್ಲಿ ಪ್ರೋಗ್ರಾಮು ತೆರೆಯಿತು, ಚಿತ್ರ ಕಾಣಲಿಲ್ಲ. ಇನ್ನೊಂದರಲ್ಲಿ ಚಿತ್ರ ಕಂಡಿತು, ಸೇವ್ ಮಾಡಲು ಹೋದರೆ ಬಾಗಿಲು ಹಾಕಿಕೊಂಡಿತು. ಐದು ಆವೃತ್ತಿ ಪರೀಕ್ಷಿಸಿ, ಐದನ್ನೂ ಆ ಪೆನ್ ಡ್ರೈವಿನಲ್ಲಿ ಇಟ್ಟೆವು. ಕೊನೆಗೆ ಒಂದು ಹಳೆಯದರಲ್ಲಿ ಎಲ್ಲ ಸರಿಯಾಯಿತು. ಅವರು ಮೂರೂ ದಿನ ಪಕ್ಕದಲ್ಲಿ ಕೂತು ಬರೆದರು. ನಾನು ಕೆಮ್ಮಿದರೂ ಬರೆಯುತ್ತಾರೋ ಎಂದು ಅನುಮಾನ ಬರುವಷ್ಟು ಬರೆದರು.

ಮೇ ತಿಂಗಳಲ್ಲಿ ಸಂಪಾಜೆ ಕಡೆಗೆ ಹಳೆ ಬ್ಯಾಟರಿ ನೋಡಲಿಕ್ಕೆ ಹೋದವನು ವಾಪಸು ಬರುವಾಗ ಅವರಲ್ಲಿ ಇಳಿದೆ. ಕೋಣೆ ತುಂಬ ಬಣ್ಣದ ನೂಲು. ಯೂನಿಫಾರ್ಮಿನ ಜೇಬಿಗೆ ಹಾಕುವ ಬ್ಯಾಡ್ಜ್, ಎರಡು ಶಾಲೆಯದ್ದು. ಒಂದು ಶಾಲೆಯದ್ದು ಮುಗಿದಿತ್ತು. ಇನ್ನೊಂದು ಶಾಲೆಯವರು ತಮ್ಮ ಲಾಂಛನ ಬದಲಿಸಿದ್ದರಿಂದ ಹೊಸ ಚಿತ್ರವನ್ನು ಅಂದೇ ಪ್ರೋಗ್ರಾಮಿನಲ್ಲಿ ಮುಗಿಸಿ ಯಂತ್ರಕ್ಕೆ ಹಾಕಬೇಕಿತ್ತು. ಶನಿವಾರದೊಳಗೆ ಕೊಟ್ಟರೆ ಪ್ರತಿ ವರ್ಷದ ಕೆಲಸ ಇವರಿಗೆ, ಇಲ್ಲದಿದ್ದರೆ ಮಂಗಳೂರಿಗೆ ಎಂದು ಕೆಲಸ ಕೊಟ್ಟ ಯೂನಿಫಾರ್ಮಿನ ಅಂಗಡಿಯವನು ಹೇಳಿದ್ದ. ಅಂದು ಬುಧವಾರ.

ಅವರು ಚಾ ತರಲು ಒಳಗೆ ಹೋದರು. ನಾನು ಕಂಪ್ಯೂಟರಿನ ಮುಂದೆ ಕೂತೆ. ಪರದೆಯ ಮೂಲೆಯಲ್ಲಿ ಒಂದು ಸೂಚನೆ: ವೈನಿನ ಹೊಸ ಆವೃತ್ತಿ ಬಂದಿದೆ. ನನ್ನ ಸ್ವಭಾವ ನೋಡಿ. ಹಳತಕ್ಕೂ ಸೊನ್ನೆ ರೂಪಾಯಿ, ಹೊಸತಕ್ಕೂ ಸೊನ್ನೆ ರೂಪಾಯಿ. ಒಂದೇ ರೇಟಿಗೆ ಹೊಸತು ಸಿಗುವಾಗ ಹಳತು ಇಟ್ಟುಕೊಳ್ಳುವವನು ವ್ಯಾಪಾರಿಯಾ? ಒತ್ತಿಬಿಟ್ಟೆ.

ಚಾ ಬರುವಾಗ ಪ್ರೋಗ್ರಾಮು ತೆರೆದಿತ್ತು, ಚಿತ್ರವೂ ಚಂದ ಕಾಣುತ್ತಿತ್ತು. ಅವರು ಸೇವ್ ಒತ್ತಿದರು. ಪರದೆ ಒಮ್ಮೆ ಮಿಟುಕಿ ಪ್ರೋಗ್ರಾಮು ಮಾಯ. ಇನ್ನೊಮ್ಮೆ. ಮತ್ತೆ ಮಾಯ.

"ಬೆಳಿಗ್ಗೆ ಸರಿ ಇತ್ತಲ್ಲ," ಎಂದರು ಅವರು.

ನಾನು ಚಾದ ಲೋಟವನ್ನು ನೋಡಿದೆ. "ಅಕ್ಕ, ತಪ್ಪು ನನ್ನದು. ಹೊಸತು ಹಾಕಿದೆ."

ಒಳಗಿನಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತರು. "ಎಂತ ಆಯ್ತು ಬ್ಯಾರಿಗಳೇ?"

"ಸ್ವಲ್ಪ ಹಾಳಾಯ್ತು ಅಮ್ಮ. ಈಗ ಸರಿ ಮಾಡ್ತೇನೆ."

"ಸರಿ ಇದ್ದದ್ದನ್ನು ಸರಿ ಮಾಡ್ಲಿಕ್ಕೆ ಹೋದದ್ದಾ? ನಮ್ಮ ಮನೆಯ ಗಂಡಸರೂ ಹಾಗೇ. ಪಂಪು ಓಡ್ತಾ ಇದ್ರೆ ಬಿಚ್ಚಿ ನೋಡ್ತಾರೆ."

ಹಳೆಯದಕ್ಕೆ ವಾಪಸು ಹೋಗಬೇಕು. ಆದರೆ ಐದರಲ್ಲಿ ಯಾವುದು? ಹಾಕಿದ ಮೇಲೆ ಏನೇನು ಬದಲಿಸಿದ್ದೆ? ತಲೆ ಕೆರೆದುಕೊಂಡರೂ ನೆನಪಿಲ್ಲ. ಊರಿನವರಿಂದೆಲ್ಲ ಬರೆಸಿದವನು ನಾನು ಸ್ವಂತಕ್ಕೆ ಒಂದು ಗೆರೆ ಬರೆದಿಟ್ಟಿರಲಿಲ್ಲ. ಮಾಸ್ಟ್ರಿಗೆ ಫೋನ್ ಮಾಡಿದೆ.

"ನನಗೆಂತ ಗೊತ್ತು ಮಾರಾಯ್ರೆ?" ಎಂದರು. "ಮಾಡಿದ್ದು ನೀವು. ನಾನು ಕಾರು ಬಿಟ್ಟದ್ದು."

ಅಷ್ಟರಲ್ಲಿ ಆ ಅಕ್ಕ ಎಂಬ್ರಾಯ್ಡರಿ ಯಂತ್ರದ ಅಡಿಯಿಂದ ಪುಸ್ತಕ ಎಳೆದು ನನ್ನ ಮುಂದೆ ಇಟ್ಟರು. ಅರೆಭಾಷೆಯಲ್ಲಿ, ಒತ್ತಾದ ಅಕ್ಷರದಲ್ಲಿ, ಒಂದು ಪುಟವೂ ಖಾಲಿ ಇಲ್ಲ. ಓಡಿದ ಆವೃತ್ತಿಯ ಸಂಖ್ಯೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಇದರ ಮುಟ್ಟಿಕೆ ಬೊತ್ತ್’ ಎಂದು ಬರೆದಿದ್ದರು. ಮುಟ್ಟಬೇಡ ಎಂದು ಅರ್ಥ. ಅದನ್ನೇ ನಾನು ಮುಟ್ಟಿದ್ದು.

ಅವರು ಓದಿ ಓದಿ ಹೇಳಿದರು, ನಾನು ಮಾಡುತ್ತಾ ಹೋದೆ. ಪೆನ್ ಡ್ರೈವಿನಿಂದ ಹಳೆಯದನ್ನು ಹಾಕಿದೆ. ಪ್ರೋಗ್ರಾಮಿಗೆ ಬೇಕಾದ ವಿಂಡೋಸಿನ ಕೆಲವು ಭಾಗಗಳನ್ನೂ ಹಾಕಲು ಒತ್ತಿದೆ. ಪರದೆ ಖಾಲಿಯಾಗಿ ನಿಂತಿತು. ಐದು ನಿಮಿಷ ಕಾದೆ. ಸಿಕ್ಕಿಹಾಕಿಕೊಂಡಿತು ಎಂದು ರದ್ದು ಮಾಡಿ ಪುನಃ ಶುರು ಮಾಡಿದೆ. ಪುನಃ ಖಾಲಿ. ಮತ್ತೆ ರದ್ದು ಮಾಡಲು ಕೈ ಹೋಯಿತು.

"ನಿಲ್ಲಿ," ಎಂದರು. "ಇಲ್ಲಿ ಉಂಟು. ಸಾಹೇಬ್ರು ಚಾ ಕುಡಿಯಲಿಕ್ಕೆ ಹೋದರು, ಇಪ್ಪತ್ತು ನಿಮಿಷ. ಪರದೆಯಲ್ಲಿ ಎಂತದೂ ಕಾಣುದಿಲ್ಲ. ಹೆದರುದು ಬೇಡ."

"ಅದನ್ನೂ ಬರೆದಿದ್ದೀರಾ?"

"ನೀವೇ ಹೇಳಿದ್ದಲ್ಲ, ಮಾಡಿದ್ದೆಲ್ಲ ಬರೀಬೇಕು ಅಂತ. ಚಾ ಕುಡಿದದ್ದು ಮಾಡಿದ್ದಲ್ವಾ?"

ಆಗ ನೆನಪಾಯಿತು. ಸುಳ್ಯದಲ್ಲಿ ಆ ದಿನ ಬೇಸರ ಹಿಡಿದು, ಹಾಳಾಗಿ ಹೋಗಲಿ ಎಂದು ಮಾಸ್ಟ್ರ ಜೊತೆ ಹೋಟೆಲಿಗೆ ಇಳಿದಿದ್ದೆ. ವಾಪಸು ಬರುವಾಗ ಕೆಲಸ ಮುಗಿದಿತ್ತು. ಅದು ನನ್ನ ಜಾಣತನದಿಂದ ಆಯಿತು ಎಂದು ಇಷ್ಟು ದಿನ ತಿಳಿದಿದ್ದೆ. ಹಳೆಯ ಪೆಟ್ಟಿಗೆ, ಒಳಗೊಳಗೇ ನಿಧಾನಕ್ಕೆ ಕೆಲಸ ಮಾಡುತ್ತಿತ್ತು, ಅಷ್ಟೆ. ನಾನು ಎದ್ದು ಹೋದದ್ದೇ ನಾನು ಅಂದು ಮಾಡಿದ ಒಳ್ಳೆಯ ಕೆಲಸ.

"ಹಾಗಾದ್ರೆ ಇವರನ್ನು ಇಲ್ಲಿಂದ ಏಳಿಸು," ಎಂದರು ಅತ್ತೆ ಸೊಸೆಗೆ. ನನ್ನ ಕಡೆ ತಿರುಗಿ, "ಬನ್ನಿ ಬ್ಯಾರಿಗಳೇ, ಹೊರಗೆ ಕೂತ್ಕೊಳ್ಳಿ. ಇನ್ನೊಂದು ಚಾ ಮಾಡ್ತೇನೆ. ಪುಸ್ತಕದಲ್ಲಿ ಉಂಟಲ್ಲ."

ಜಗಲಿಯಲ್ಲಿ ಕೂತು ಮಡಿಕೇರಿಗೆ ಹೋಗುವ ಬಸ್ಸು ಎಣಿಸಿದೆ. ಜ್ಯೂಸಿನವನು ಅಂದೂ ಬಂದ. ಕೋಣೆಯ ಕಡೆ ಕತ್ತು ಚಾಚಿ, "ಮಿಷನ್ ನಿಂತಿತಾ ಅಮ್ಮ?" ಎಂದ. ಅತ್ತೆ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. "ನಿಂತದ್ದಲ್ಲ. ಚಾ ಕುಡಿಯಲಿಕ್ಕೆ ಬಿಟ್ಟದ್ದು," ಎಂದರು.

ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯಿತು. ಆಮೇಲೆ ಒಳಗಿನಿಂದ ಟಕಟಕ ಟಕಟಕ ಸದ್ದು ಶುರುವಾಯಿತು. ಎದ್ದು ನೋಡಿದರೆ ನೀಲಿ ಬಟ್ಟೆಯ ಮೇಲೆ ಹಳದಿ ನೂಲಿನಲ್ಲಿ ಹೊಸ ಲಾಂಛನದ ದೀಪ ಮೂಡುತ್ತಿತ್ತು. ಅವರು ಪುಸ್ತಕ ತೆರೆದು ಕೊನೆಯ ಪುಟದ ಅಂಚಿನಲ್ಲಿ ಏನೋ ಸೇರಿಸುತ್ತಿದ್ದರು. ಏನು ಬರೆದಿರಿ ಎಂದು ನಾನು ಕೇಳಲಿಲ್ಲ. ಶುಕ್ರವಾರ ಸಂಜೆಯೇ ಬ್ಯಾಡ್ಜ್ ಕೊಟ್ಟಾಯಿತು ಎಂದು ಫೋನ್ ಬಂತು. ಕೋಣೆ ಅವರದ್ದೇ ಉಳಿಯಿತು. ಜ್ಯೂಸಿನವನು ರಸ್ತೆಯ ಆಚೆ ಬದಿಯಲ್ಲಿ ಅಂಗಡಿ ಇಟ್ಟ. ಈಗ ನಾನು ಹೋದರೆ ಅತ್ತೆ ಅಲ್ಲಿಂದಲೇ ನನಗೆ ಕಬ್ಬಿನ ರಸ ತರಿಸುತ್ತಾರೆ, ಕಂಪ್ಯೂಟರಿನ ಹತ್ತಿರ ಮಾತ್ರ ಬಿಡುವುದಿಲ್ಲ.

ಪುತ್ತೂರಿಗೆ ಬಂದ ಮರುದಿನ ನನಗೂ ಒಂದು ನೋಟ್ ಪುಸ್ತಕ ಕೊಳ್ಳಲು ಹೋದೆ. ಎರಡು ತೆಗೆದರೆ ಎಷ್ಟು ಎಂದು ಕೇಳಿದೆ, ಮೂವತ್ತೈದಕ್ಕೆ ಕೊಟ್ಟ.

ನೀವೂ ಒಂದು ತೆಗೆಯಿರಿ. ಕಂಪ್ಯೂಟರ್ ಹಳತಾಯಿತೆಂದು ಬಿಸಾಡಬೇಡಿ, ಗುಜರಿಗೆ ಹಾಕಿದರೆ ಸಿಗುವುದು ಚಿಲ್ಲರೆ. ಪ್ರೋಗ್ರಾಮಿನ ಸಿ.ಡಿ.ಯನ್ನೂ ಲೈಸನ್ಸ್ ಕಾಗದವನ್ನೂ ರೇಷನ್ ಕಾರ್ಡಿನ ಜೊತೆ ಇಡಿ, ಅದಿಲ್ಲದೆ ನಾನಲ್ಲ, ಯಾರು ಬಂದರೂ ಪ್ರಯೋಜನವಿಲ್ಲ. ವಿಂಡೋಸಿನದ್ದೆಲ್ಲ ಲಿನಕ್ಸಿನಲ್ಲಿ ಓಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ಓಡುತ್ತವೆ, ಕೆಲವು ಕುಂಟುತ್ತವೆ, ಕೆಲವು ಏಳುವುದೇ ಇಲ್ಲ. ನಿಮ್ಮದೇ ಫೈಲು ತೆರೆದು, ಬದಲಿಸಿ, ಸೇವ್ ಮಾಡಿ ತೋರಿಸಿದ ಮೇಲೆ ಮಾತ್ರ ಒಪ್ಪಿ. ತೆರೆದು ತೋರಿಸಿದ್ದು ಸಾಲದು, ಸೇವ್ ಆಗಬೇಕು. ಲಿನಕ್ಸಿನ ಉಳಿದ ಅಪ್‌ಡೇಟುಗಳು ಬರಲಿ, ವೈನ್ ಒಂದನ್ನು ಇದ್ದಲ್ಲೇ ನಿಲ್ಲಿಸಿಡಲು ಹೇಳಿ, ಅದಕ್ಕೆ ದಾರಿ ಉಂಟು. ಹಾಕಿದ ಸಂಖ್ಯೆ ಬರೆಯಿರಿ, ಕಾದ ನಿಮಿಷವನ್ನೂ ಬರೆಯಿರಿ.

ಇನ್ನು, ನಿಮ್ಮ ಮನೆಗೆ ನನ್ನಂಥವನೊಬ್ಬ ಬಂದು, ಹೊಸತು ಪುಕ್ಕಟೆ ಸಿಗುತ್ತದೆ, ಹಾಕಿಬಿಡುವ ಎಂದರೆ, ಚಾ ತರಲು ನೀವು ಒಳಗೆ ಹೋಗಬೇಡಿ. ಅವನನ್ನು ಜಗಲಿಗೆ ಕರೆದುಕೊಂಡು ಹೋಗಿ ಅಲ್ಲೇ ಕೊಡಿ.