ಕೋರ್ಟಿಗೂ ಮುಯ್ಯಾಳು

ಹೆಸರು ಕೇಳಿದರೆ ಹೇಳಬಾರದು ಎಂದು ನಮ್ಮ ಗಂಗಕ್ಕನಿಗೆ ಯಾರೂ ಕಲಿಸಿರಲಿಲ್ಲ.

ಗಂಗಕ್ಕ ನನ್ನ ದೊಡ್ಡಪ್ಪನ ಮಗಳು. ಸವದತ್ತಿ ಹತ್ತಿರದ ಹಳ್ಳಿಯಲ್ಲಿ ಜಂಪರ್ ಹೊಲಿಯುತ್ತಾಳೆ. ಬೆಳಗಿನ ಬಸ್ಸು ಊರಲ್ಲಿ ನಿಲ್ಲುವುದಿಲ್ಲ, ಹುಡುಗಿಯರ ಕಾಲೇಜು ತಪ್ಪುತ್ತದೆ ಎಂದು ಹೋದ ವರ್ಷ ಊರ ಹೆಂಗಸರೆಲ್ಲ ರಸ್ತೆಯಲ್ಲಿ ಕುಳಿತರು. ಕಲ್ಲಿಲ್ಲ, ಬೈಗುಳವಿಲ್ಲ. (ಆಂಬುಲೆನ್ಸ್ ಬಂದರೆ ಇರಲಿ ಅಂತ ಒಂದು ಬದಿ ಬೇರೆ ಬಿಟ್ಟಿದ್ದರು.)

ಪೊಲೀಸರು ಬಂದು, "ಮುಂದಾಳು ಯಾರ್ರಿ? ಹೆಸರು ಹೇಳ್ರಿ" ಎಂದರು. ಎಲ್ಲರೂ ಸುಮ್ಮನೆ ಕುಳಿತಾಗ ಗಂಗಕ್ಕ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಲ್ಲ ಹೇಳಿ, "ಚಾ ಕುಡೀತೀರೇನ್ರಿ?" ಎಂದೂ ಕೇಳಿದಳು. ಅವರು ಕುಡಿದರು. ಆಮೇಲೆ ಕೇಸು ಹಾಕಿದರು. ಆಕೆಯೊಬ್ಬಳ ಮೇಲೆ.

ಬಸ್ಸು ಈಗ ನಿಲ್ಲುತ್ತದೆ. ಕೇಸೂ ನಡೆಯುತ್ತಿದೆ.

ಮೊನ್ನೆ ಸವದತ್ತಿಯಲ್ಲಿ ತಾರೀಕು ಇತ್ತು. ಪಾಪ, ಒಬ್ಬಳೇ ಬರುತ್ತಾಳೆ, ಧೈರ್ಯ ಹೇಳೋಣ ಎಂದು ಬೈಲಹೊಂಗಲದಿಂದ ಹೋದೆ. ನೋಡಿದರೆ ಅದೇ ಬಸ್ಸಿನಿಂದ ಬುತ್ತಿ ಗಂಟು ಹಿಡಿದುಕೊಂಡು ಅರ್ಧ ಓಣಿಯೇ ಇಳಿಯಿತು! (ಹೆಂಗಸರಿಗೆ ಟಿಕೆಟ್ಟು ಫ್ರೀ ತಾನೆ?)

ವಕೀಲರು ಗಂಗಕ್ಕನನ್ನು ಬದಿಗೆ ಕರೆದರು. "ತಪ್ಪಾತು ಅಂತ ಒಪ್ಕೊಂಡು ದಂಡ ಕಟ್ಟಿ ಹೋಗ್ರಿ ಅಕ್ಕಾರ. ಇಲ್ಲಂದ್ರ ವರ್ಷಾನುಗಟ್ಲೆ ತಿರಗಬೇಕಾಗತೈತಿ. ಶಿಕ್ಷಾ ಆದ್ರ ಜೈಲು." ವ್ಯವಹಾರದ ಮಾತು. ನಾನೂ ಹೂಂ ಎಂದೆ.

ಗಂಗಕ್ಕ ನನ್ನ ಕಡೆ ನೋಡಲೇ ಇಲ್ಲ. ಒಳಗೆ ನ್ಯಾಯಾಧೀಶರು ಕೇಳಿದಾಗ, "ಕುಂತಿದ್ದು ಖರೇನ ರೀ. ತಪ್ಪು ಮಾಡೀನಿ ಅಂತ ಮಾತ್ರ ಅನ್ನಂಗಿಲ್ರಿ" ಎಂದಳು. ಮತ್ತೊಂದು ತಾರೀಕು ಬಿತ್ತು.

ಅಲ್ಲ, ಮದುವೆ ಮೆರವಣಿಗೆಯವರು ಡಿಜೆ ಹಚ್ಚಿ ಇದೇ ರಸ್ತೆಯಲ್ಲಿ ತಾಸುಗಟ್ಟಲೆ ಕುಣಿಯುತ್ತಾರೆ. ಲೀಡರ್ ಬಂದರೆ ಟ್ರಾಫಿಕ್ಕೇ ಬಂದ್. ಅವರ ಹೆಸರು ಯಾರಾದರೂ ಬರೆದುಕೊಂಡಿದ್ದಾರೆಯೇ? ಬಸ್ಸು ಬೇಕು ಅಂದವಳು ಮಾತ್ರ ಆರೋಪಿಯೇ? ನನಗೆ ಸಿಟ್ಟು ಬಂತು. ಹೆಂಗಸರಿಗೆ ಅದಕ್ಕೆ ಪುರುಸೊತ್ತು ಇರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ, ಮುಂದಿನ ತಾರೀಕಿಗೆ ಯಾರು ಯಾರು ಬರಬೇಕು ಎಂದು ಮಾತಾಡುತ್ತಿದ್ದರು.

"ಪ್ರತಿ ಸಲ ಇಷ್ಟು ಮಂದಿ ಯಾಕ ಬರ್ತೀರವಾ?" ವಕೀಲರು ಕೇಳಿದರು.

"ಮುಯ್ಯಾಳ್ರಿ" ಎಂದಳು ಗಂಗಕ್ಕನ ಪಕ್ಕದ ಮನೆಯ ಗೌರವ್ವ.

ಮುಯ್ಯಾಳು ಗೊತ್ತಲ್ಲ? ಇವತ್ತು ನನ್ನ ಹೊಲದ ಕಳೆ ತೆಗೆಯಲು ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ. ಕೂಲಿ ಇಲ್ಲ, ತಪ್ಪಿಸುವಂತೆಯೂ ಇಲ್ಲ.

"ರಸ್ತೆದಾಗ ಎಲ್ಲಾರೂ ಕುಂತಿದ್ವಿ. ಹೆಸರು ಹೇಳಿದಾಕಿ ಆಕಿ ಒಬ್ಬಾಕಿ. ನಮ್ಮ ಪಾಲಿಂದೂ ಆಕೀನ ತಿರಗಾಕ ಹತ್ಯಾಳ. ನಾವು ಮನ್ಯಾಗ ಹೆಂಗ ಕುಂದ್ರೂದ್ರಿ?"

ವಕೀಲರಿಗೆ ಕಿರಿಕಿರಿಯಾಯಿತು. "ಅಲ್ರವಾ, ನಾಳೆ ಆಕಿಗೆ ಜೈಲಾದ್ರ ಏನ್ ಮಾಡ್ತೀರಿ?"

ಗೌರವ್ವ ರೊಟ್ಟಿ ಮುರಿಯುತ್ತ ತಿರುಗಿ ಕೇಳಿದಳು: "ಅಲ್ಲಿ ಪಾಳಿ ಮ್ಯಾಲ ಕುಂದ್ರಾಕ ಬಿಡ್ತಾರೇನ್ರಿ?"